ಪ್ರಶ್ನಾವಳಿಯೋ ಸಂದರ್ಶನವೋ? ಡಿಸರ್ಟೇಷನ್‌ಗೆ ವಿಧಾನ ಆರಿಸುವ ಮುನ್ನ

ಕೊನೆಯ ಸೆಮಿಸ್ಟರ್ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಲಿಂಕುಗಳ ಸುರಿಮಳೆ. "ಎರಡೇ ನಿಮಿಷ, ಪ್ಲೀಸ್ ತುಂಬ್ರಿ" ಎಂಬ ಒಕ್ಕಣೆ, ಕೆಳಗೊಂದು ಗೂಗಲ್ ಫಾರ್ಮ್. ನೂರು ಜನ ತುಂಬಿಬಿಟ್ಟರೆ ಡಿಸರ್ಟೇಷನ್‌ನ, ಅಂದರೆ ಪದವಿಗಾಗಿ ಬರೆಯುವ ಸಂಶೋಧನಾ ಪ್ರಬಂಧದ, ವಿಶ್ಲೇಷಣೆಯ ಅಧ್ಯಾಯ ತಾನಾಗಿಯೇ ಆಗುತ್ತದೆ ಎಂಬ ಧೈರ್ಯ. ಬೆಳಗಾವಿಯಲ್ಲೋ, ವಿಜಯಪುರದ ತೊರವಿಯಲ್ಲೋ, ಬಾಗಲಕೋಟೆಯಲ್ಲೋ ಕೂತು ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಎಂಎಸ್‌ಡಬ್ಲ್ಯು, ಬಿಎಡ್, ನರ್ಸಿಂಗ್ ಓದುತ್ತಿರುವವರು ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಬರೆಯುವ ಮೊದಲು ಒಮ್ಮೆ ಓದಲಿ ಎಂದು ಈ ಹೋಲಿಕೆ.

ನನ್ನ ಪಕ್ಷವನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕೈದು ತಿಂಗಳ ಸಮಯ, ಸ್ವಂತ ಜೇಬಿನ ಖರ್ಚು, ಒಬ್ಬರೇ ಓಡಾಟ ಇರುವವರಲ್ಲಿ ಬಹಳಷ್ಟು ಮಂದಿಗೆ ಪ್ರಶ್ನಾವಳಿ ಹೊಂದುವುದಿಲ್ಲ. ಹತ್ತು ಹನ್ನೆರಡು ನೆಟ್ಟಗಿನ ಸಂದರ್ಶನ, ಇಲ್ಲವೇ ಶಿಸ್ತಾದ ಅವಲೋಕನ ಅದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಇನ್ನೊಂದು ಮಾತು. ವಿಧಾನ ನಿರ್ಧಾರವಾದ ಮೇಲೆ ಒಂದು ಸಮ್ಮತಿ ಪತ್ರ ಟೈಪಿಸಿ ಅನುಬಂಧಕ್ಕೆ ಅಂಟಿಸುವ ರೂಢಿ ಬೆಳೆದಿದೆ. ಒಂದೊಂದು ವಿಧಾನವೂ ಎದುರಿಗಿರುವ ಮನುಷ್ಯನ ಮೇಲೆ ಒಂದೊಂದು ಬಗೆಯ ಭಾರ ಹಾಕುತ್ತದೆ. ಆ ಭಾರ ಎಷ್ಟೆಂಬುದನ್ನು ಆಯ್ಕೆಯ ಹೊತ್ತಿಗೇ ತೂಗಬೇಕು.

ಹೋಲಿಕೆ ಸುಲಭವಾಗಲಿ ಎಂದು ನಮ್ಮ ಕಡೆ ಪ್ರತಿವರ್ಷ ಯಾರಾದರೂ ಎತ್ತಿಕೊಳ್ಳುವ ವಿಷಯವನ್ನೇ ಇಟ್ಟುಕೊಳ್ಳೋಣ: ದ್ವಿತೀಯ ಪಿಯುಸಿ ಮಕ್ಕಳ ಪರೀಕ್ಷಾ ಆತಂಕ. "ಎಷ್ಟು ಮಕ್ಕಳಿಗೆ ಇದೆ?" ಎಂದರೆ ಪ್ರಶ್ನಾವಳಿ ಬೇಕು. "ಆ ಆತಂಕ ಅವರಿಗೆ ಹೇಗೆ ಅನುಭವಕ್ಕೆ ಬರುತ್ತದೆ, ಮನೆಯಲ್ಲಿ ಯಾರಿಗೆ ಹೇಳುತ್ತಾರೆ?" ಎಂದರೆ ಸಂದರ್ಶನ. "ಪರೀಕ್ಷೆಯ ಹಿಂದಿನ ವಾರ ಓದುವ ಕೋಣೆಯಲ್ಲಿ ಏನು ಮಾಡುತ್ತಾರೆ?" ಎಂದರೆ ಅವಲೋಕನ. "ದಿನಾ ಹತ್ತು ನಿಮಿಷದ ಉಸಿರಾಟದ ಅಭ್ಯಾಸದಿಂದ ಆತಂಕ ತಗ್ಗುತ್ತದೆಯೇ?" ಎಂದರೆ ಪ್ರಯೋಗವೇ ಆಗಬೇಕು. ಶೀರ್ಷಿಕೆಯಲ್ಲಿ "ಪರಿಣಾಮ" ಎಂದು ಬರೆದು ಒಂದೇ ಬಾರಿ ಫಾರ್ಮ್ ತುಂಬಿಸಿಕೊಂಡು ಬರುವವರು ಈ ಕೊನೆಯ ಸಾಲನ್ನು ಇನ್ನೊಮ್ಮೆ ಓದಬೇಕು. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಮೊದಲ ಪೆಟ್ಟು ಬೀಳುವುದೇ ಅಲ್ಲಿ.

ಪ್ರಶ್ನಾವಳಿ

ಇದರ ಗುಣ ಎಲ್ಲರಿಗೂ ಗೊತ್ತು. ಅಗ್ಗ, ಬೇಗ, ಅಂಕಿಗಳು ನೇರ ಕೋಷ್ಟಕಕ್ಕೆ ಬರುತ್ತವೆ. "ಪೂರ್ಣ ಒಪ್ಪುತ್ತೇನೆ"ಯಿಂದ "ಪೂರ್ಣ ಒಪ್ಪುವುದಿಲ್ಲ"ದವರೆಗಿನ ಲೈಕರ್ಟ್ ಮಾಪಕ 1932ರಿಂದ ಬಳಕೆಯಲ್ಲಿದೆ, ಗೈಡುಗಳಿಗೂ ಅದರ ಪರಿಚಯ ಚೆನ್ನಾಗಿದೆ. ಕಷ್ಟವಿರುವುದು ನಾವು ಲೆಕ್ಕಕ್ಕೆ ತೆಗೆದುಕೊಳ್ಳದ ಜಾಗಗಳಲ್ಲಿ.

ಮೊದಲನೆಯದು ಸಂಖ್ಯೆ. ಒಂದು ಜಿಲ್ಲೆಯ ವಿದ್ಯಾರ್ಥಿಗಳಲ್ಲಿ ಶೇಕಡಾ ಎಷ್ಟು ಮಂದಿಗೆ ಆತಂಕವಿದೆ ಎಂದು ಶೇ 5ರಷ್ಟು ಹೆಚ್ಚುಕಮ್ಮಿಯೊಳಗೆ, ಶೇ 95ರ ವಿಶ್ವಾಸದಲ್ಲಿ ಹೇಳಬೇಕಾದರೆ ಸುಮಾರು 385 ಜನ ಬೇಕು. ನೂರು ಜನರಿಂದ ಬಂದ ಉತ್ತರಕ್ಕೆ ಎರಡೂ ಬದಿ ಸುಮಾರು 10ರಷ್ಟು ಸಡಿಲ ಇರುತ್ತದೆ. ಅಂದರೆ "ಶೇ 46" ಎಂದು ದಪ್ಪಕ್ಷರದಲ್ಲಿ ಬರೆದದ್ದು 36ರಿಂದ 56ರವರೆಗೆ ಏನೂ ಆಗಿರಬಹುದು. ಅದೂ ಆ ನೂರು ಜನರನ್ನು ಯಾದೃಚ್ಛಿಕವಾಗಿ, ಚೀಟಿ ಎತ್ತಿದಂತೆ, ಆರಿಸಿದ್ದರೆ ಮಾತ್ರ. ಲಿಂಕ್ ಹಂಚಿ ಬಂದವರನ್ನು ತೆಗೆದುಕೊಂಡಿದ್ದರೆ ಈ ಲೆಕ್ಕಕ್ಕೂ ಬೆಲೆಯಿಲ್ಲ: ಆತಂಕದಲ್ಲಿ ಮುಳುಗಿರುವ ಹುಡುಗಿ ಮಾರ್ಚ್‌ನಲ್ಲಿ ನಿಮ್ಮ ಲಿಂಕ್ ಒತ್ತುವುದಿಲ್ಲ, ಇಂಡಿ ತಾಲ್ಲೂಕಿನ ಹಳ್ಳಿಯಲ್ಲಿ ಅಪ್ಪನ ಮೊಬೈಲನ್ನೇ ಅವಲಂಬಿಸಿರುವ ಹುಡುಗನೂ ಒತ್ತುವುದಿಲ್ಲ. ಎರಡು ಅಂಶಗಳ ನಡುವಿನ ಸಂಬಂಧ ನೋಡುವ ಆಸೆ ಇದ್ದವರ ಪಾಡು ಇಷ್ಟು ಕಷ್ಟದ್ದಲ್ಲ. ಮಧ್ಯಮ ಪ್ರಮಾಣದ ಸಹಸಂಬಂಧ, ಅಂದರೆ 0.3ರ ಆಸುಪಾಸಿನದು, ಹಿಡಿಯಲು ಸುಮಾರು 85 ಜನ ಸಾಕು. ಹಾಗಾಗಿ ಪ್ರಶ್ನಾವಳಿಯನ್ನೇ ಹಿಡಿಯುವುದಾದರೆ "ಎಷ್ಟು ಮಂದಿ" ಎಂಬ ಪ್ರಶ್ನೆ ಬಿಟ್ಟು "ಯಾವುದಕ್ಕೂ ಯಾವುದಕ್ಕೂ ನಂಟು" ಎಂಬ ಪ್ರಶ್ನೆ ಕೇಳುವುದು ಜಾಣತನ. ನಂಟು ಸಿಕ್ಕಿತೆಂದು ಒಂದನ್ನು ಇನ್ನೊಂದಕ್ಕೆ ಕಾರಣ ಮಾಡದಿದ್ದರೆ ಆಯಿತು.

ಎರಡನೆಯದು ಮಾಪಕ. ಅಂತರ್ಜಾಲದಲ್ಲಿ ಸಿಕ್ಕಿದ್ದೆಲ್ಲ ಬಿಟ್ಟಿಯಲ್ಲ. ಸ್ಪೀಲ್‌ಬರ್ಗರ್ ಅವರ 20 ಪ್ರಶ್ನೆಗಳ ಪರೀಕ್ಷಾ ಆತಂಕ ಮಾಪಕ ಹಕ್ಕುಸ್ವಾಮ್ಯದ ಅಡಿ ಇರುವಂಥದ್ದು. ಬಳಸಲು ಅನುಮತಿ ಬೇಕು. ಖಿನ್ನತೆಗೆ ಬಳಸುವ ಪಿಎಚ್‌ಕ್ಯು-9 ಮುಕ್ತವಾಗಿ ಸಿಗುತ್ತದೆ, ಅದಕ್ಕೇ ಎಲ್ಲರೂ ಅದನ್ನು ಎತ್ತಿಕೊಳ್ಳುತ್ತಾರೆ. ಆದರೆ ಅದರ ಒಂಬತ್ತನೇ ಪ್ರಶ್ನೆ ಸಾಯುವ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಗಳ ಬಗ್ಗೆ. ಯಾರಾದರೂ ಅಲ್ಲಿ "ಹೆಚ್ಚುಕಡಿಮೆ ಪ್ರತಿದಿನ" ಎಂದು ಗುರುತು ಹಾಕಿದರೆ ನೀವೇನು ಮಾಡುತ್ತೀರಿ? ಹೆಸರಿಲ್ಲದ ಗೂಗಲ್ ಫಾರ್ಮ್‌ನಲ್ಲಿ ಅವರನ್ನು ಹುಡುಕಲೂ ಆಗದು. ಎರಡು ತಿಂಗಳ ನಂತರ ಎಕ್ಸೆಲ್ ತೆರೆದಾಗ ಅದು ಬರೀ 3 ಎಂಬ ಅಂಕಿಯಾಗಿ ಕಾಣುತ್ತದೆ. ಈ ಪ್ರಶ್ನೆಗೆ ಉತ್ತರವಿಲ್ಲದವರು ಆ ಮಾಪಕ ಮುಟ್ಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಉತ್ತರವಿರುವವರು ಫಾರ್ಮನ್ನು ಎದುರಿಗೆ ಕೂತು ತುಂಬಿಸಿ, ಅವತ್ತೇ ಒಂಬತ್ತನೇ ಸಾಲು ನೋಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಎಲ್ಲರ ಕೈಗೂ ಕೊಡಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ಜಿಲ್ಲಾ ಆಸ್ಪತ್ರೆಗೋ ಕಳಿಸುವ ದಾರಿಯನ್ನು ಗೈಡ್ ಜೊತೆ ಕೂತು ಮೊದಲೇ ಬರೆದಿಟ್ಟುಕೊಳ್ಳಿ.

ಮೂರನೆಯದು ನಮ್ಮ ಜನರ ಸೌಜನ್ಯ. ರಬಕವಿ-ಬನಹಟ್ಟಿಯ ಪವರ್‌ಲೂಮ್ ಕಾರ್ಮಿಕರ ಕೈಗೆ ಕೆಲಸದ ತೃಪ್ತಿಯ ಫಾರ್ಮ್ ಕೊಟ್ಟು ನೋಡಿ. "ಎಲ್ಲಾ ಆರಾಮ್ ಐತ್ರಿ" ಎಂದು ಸಾಲಾಗಿ ಒಂದೇ ಕಡೆ ಟಿಕ್ ಬೀಳುತ್ತದೆ, ಮಾಲೀಕ ಹತ್ತಿರದಲ್ಲೇ ನಿಂತಿದ್ದರಂತೂ ಕೇಳುವುದೇ ಬೇಡ. ಕಾಲೇಜಿನಲ್ಲಿ ಮೇಷ್ಟ್ರೇ ಫಾರ್ಮ್ ಹಂಚಿದಾಗಲೂ ಇದೇ ಕತೆ. ಇಂಟರ್ನಲ್ ಅಂಕ ಕೈಯಲ್ಲಿಟ್ಟುಕೊಂಡವರು "ಇಷ್ಟವಿದ್ದರೆ ತುಂಬಿ" ಅಂದರೆ ಯಾರ ಕಿವಿಗೂ ಅದು ಹಾಗೆ ಕೇಳಿಸುವುದಿಲ್ಲ. ಹಂಚುವ ಕೆಲಸ ಅಂಕ ಹಾಕದವರಿಂದ ಆಗಲಿ, ಖಾಲಿ ಫಾರ್ಮನ್ನೂ ಮಡಚಿ ಡಬ್ಬಿಗೆ ಹಾಕುವ ಅವಕಾಶವಿರಲಿ.

ಬೆಳಗಾವಿಯಲ್ಲಿ ಮಾಡುವವರಿಗೆ ಇನ್ನೊಂದು ಕೆಲಸ ಹೆಚ್ಚು: ಕನ್ನಡ, ಮರಾಠಿ, ಕೆಲವು ಬಡಾವಣೆಗಳಲ್ಲಿ ಉರ್ದು ಆವೃತ್ತಿಗಳೂ ಬೇಕಾಗುತ್ತವೆ. ಒಬ್ಬರು ಅನುವಾದಿಸಿದ್ದನ್ನು ಮೂಲ ನೋಡದ ಇನ್ನೊಬ್ಬರು ಮರಳಿ ಇಂಗ್ಲಿಷಿಗೆ ತಂದು, ಎರಡನ್ನೂ ಹೋಲಿಸಿ, ಇಪ್ಪತ್ತು ಮೂವತ್ತು ಜನರ ಮೇಲೆ ಪರೀಕ್ಷಿಸಿ, ಮಾಪಕದ ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಅಳೆಯುವ ಕ್ರಾನ್‌ಬ್ಯಾಕ್ ಆಲ್ಫಾ 0.7 ದಾಟುತ್ತದೆಯೇ ನೋಡಿ ಮುಂದುವರಿಯಬೇಕು. ಪ್ರಶ್ನಾವಳಿ "ಬೇಗ ಮುಗಿಯುವ" ವಿಧಾನ ಎಂಬ ಮಾತು ಇಲ್ಲಿಗೆ ಬರುವಷ್ಟರಲ್ಲಿ ಅರ್ಧ ಬಿದ್ದುಹೋಗಿರುತ್ತದೆ.

ಸಂದರ್ಶನ

ಇದಕ್ಕೆ ಎಷ್ಟು ಜನ ಸಾಕು ಎಂಬ ಪ್ರಶ್ನೆಗೆ ಗೈಡುಗಳು ಗೊಣಗುತ್ತಾರೆ, "ಹನ್ನೆರಡೇ?" ಎಂದು. ಗೆಸ್ಟ್, ಬನ್ಸ್, ಜಾನ್ಸನ್ ಎಂಬ ಮೂವರು ಸಂಶೋಧಕರು ತಮ್ಮ 60 ಸಂದರ್ಶನಗಳನ್ನು ಹಿಂತಿರುಗಿ ನೋಡಿ 2006ರಲ್ಲಿ ತೋರಿಸಿದ್ದು ಇದನ್ನೇ: ಒಂದೇ ಬಗೆಯ ಹಿನ್ನೆಲೆಯ ಜನರಲ್ಲಿ ಮೊದಲ 12 ಸಂದರ್ಶನಗಳ ಒಳಗೇ ಮುಖ್ಯ ಎಳೆಗಳು ಬಹುಪಾಲು ಬಂದುಬಿಡುತ್ತವೆ. ಗಮನಿಸಿ, ಒಂದೇ ಬಗೆಯ ಜನರಲ್ಲಿ. ಇಳಕಲ್ಲಿನ ನೇಕಾರ ಮಹಿಳೆಯರು, ಬೆಳಗಾವಿಯ ಐಟಿಐ ಹುಡುಗರು, ಕಬ್ಬು ಕಡಿಯುವ ಗ್ಯಾಂಗಿನ ಕುಟುಂಬಗಳನ್ನು ಒಂದೇ ಅಧ್ಯಯನದಲ್ಲಿ ಕಲಸಿದರೆ ಹನ್ನೆರಡು ಯಾವುದಕ್ಕೂ ಸಾಲದು.

ಇದರ ಸಂಪತ್ತು ಅನಿರೀಕ್ಷಿತ ಉತ್ತರಗಳಲ್ಲಿದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಭಾಗ ಬಿಟ್ಟು ನವನಗರಕ್ಕೆ ಬಂದವರನ್ನು "ಪುನರ್ವಸತಿ ತೃಪ್ತಿದಾಯಕವೇ? 1ರಿಂದ 5" ಎಂದು ಕೇಳಿದರೆ ಒಂದು ಅಂಕಿ ಸಿಗುತ್ತದೆ. "ಹಳೇ ಊರಾಗ ಸಂಜೀ ಹೊತ್ತು ಎಲ್ಲಿ ಕುಂಡ್ರತಿದ್ರಿ, ಈಗ ಎಲ್ಲಿ ಕುಂಡ್ರತೀರಿ?" ಎಂದು ಕೇಳಿದರೆ ನೆರೆಹೊರೆ, ಓಣಿ, ಒಂಟಿತನ, ಮುಪ್ಪು ಎಲ್ಲ ಒಂದೊಂದಾಗಿ ಬರುತ್ತವೆ. ಯಾವ ಮಾಪಕದಲ್ಲೂ ಅವಕ್ಕೆ ಖಾನೆಗಳಿಲ್ಲ.

ಬೆಲೆಯೂ ದೊಡ್ಡದೇ. ಒಂದು ಗಂಟೆಯ ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ, ನಮ್ಮ ಕಡೆಯ ಮಾತನ್ನು ಮೊಬೈಲಿನ ಧ್ವನಿ ಟೈಪಿಂಗ್ ಅಷ್ಟಾಗಿ ಹಿಡಿಯುವುದಿಲ್ಲ. ಹೆಣ್ಣುಮಕ್ಕಳನ್ನು ಮಾತಾಡಿಸಲು ಹೋದರೆ ಏಕಾಂತವೇ ಸಿಗದು. ಅತ್ತೆ ಬಾಗಿಲಲ್ಲಿ, ಮೈದುನ ಕಟ್ಟೆಯ ಮೇಲೆ, ಪಕ್ಕದ ಮನೆಯವರು "ಏನ್ ಸರ್ವೇರಿ ಇದು, ಮನಿ ಬರ್ತಾವನು?" ಎಂದು ಕೇಳುತ್ತಾರೆ. ಆ ಕೊನೆಯ ಪ್ರಶ್ನೆಗೆ ನೇರ ಉತ್ತರ ಕೊಟ್ಟೇ ಮುಂದುವರಿಯಬೇಕು: ಇದರಿಂದ ಮನೆಯೂ ಬರುವುದಿಲ್ಲ, ಪಿಂಚಣಿಯೂ ಬರುವುದಿಲ್ಲ, ಇದು ನನ್ನ ಓದಿಗೆ. ಆಸೆ ಹುಟ್ಟಿಸಿ ಪಡೆದ ಸಮ್ಮತಿ ಸಮ್ಮತಿಯಲ್ಲ.

ಸಮ್ಮತಿಯ ಕಾಗದಕ್ಕೇ ಹೆದರುವವರಿದ್ದಾರೆ. ಸಹಿ, ಹೆಬ್ಬೆಟ್ಟು ಅಂದರೆ ಸಾಲದ ನೆನಪು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ರಾಷ್ಟ್ರೀಯ ನೀತಿ ಮಾರ್ಗಸೂಚಿಯಲ್ಲಿ ಇದಕ್ಕೆ ದಾರಿಯಿದೆ: ಓದು ಬಾರದವರಿಗೆ ಎಲ್ಲವನ್ನೂ ಓದಿ ಹೇಳಿ, ಅಧ್ಯಯನಕ್ಕೆ ಸಂಬಂಧವಿಲ್ಲದ ಅಕ್ಷರಸ್ಥ ಸಾಕ್ಷಿಯ ಎದುರು ಹೆಬ್ಬೆಟ್ಟು ಪಡೆಯಬಹುದು. ಧ್ವನಿಮುದ್ರಣಕ್ಕೆ ಬೇರೆಯೇ ಒಪ್ಪಿಗೆ ಕೇಳಿ. ಮಾತಿಗೆ ಹೂಂ ಅಂದವರು ರೆಕಾರ್ಡಿಂಗಿಗೆ ಬ್ಯಾಡ ಅನ್ನಬಹುದು.

ಸಂದರ್ಶನದ ನಿಜವಾದ ಅಪಾಯ ಸಣ್ಣ ಊರಿನದು. ಹೆಸರು ತೆಗೆದರೆ ಗುರುತು ಹೋಯಿತು ಎಂದು ಪಠ್ಯಪುಸ್ತಕ ಹೇಳುತ್ತದೆ. "ಗುಳೇದಗುಡ್ಡದಲ್ಲಿ ಖಣ ನೇಯುವ, ಗಂಡನನ್ನು ಕಳೆದುಕೊಂಡ, ಮಗಳನ್ನು ಡಿಗ್ರಿ ಓದಿಸಿದ 52 ವರ್ಷದ ಮಹಿಳೆ" ಎಂದು ಬರೆದರೆ ಆ ಓಣಿಯವರಿಗೆ ಹೆಸರು ಬೇಕೇ? ವಯಸ್ಸನ್ನು ಐವತ್ತರ ಆಸುಪಾಸು ಮಾಡಿ, ಊರನ್ನು "ಜಿಲ್ಲೆಯ ಒಂದು ನೇಕಾರಿಕೆ ಪಟ್ಟಣ" ಮಾಡಿ, ಮಗಳ ಓದನ್ನು ಬಿಟ್ಟುಬಿಡಿ. ಬರಹದ ರಂಗು ಕಡಿಮೆಯಾಗುತ್ತದೆ, ಆಗಲಿ.

ಗುಟ್ಟು ಕಾಪಾಡುತ್ತೇನೆಂಬ ಮಾತಿಗೂ ಮಿತಿಯಿದೆ. 18ರೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದ ವಿಷಯ ಗೊತ್ತಾದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ. "ಏನು ಹೇಳಿದರೂ ಯಾರಿಗೂ ಹೇಳಲ್ಲ" ಎಂದು ಹದಿನೇಳರ ಹುಡುಗಿಗೆ ಮಾತು ಕೊಟ್ಟು ಆಮೇಲೆ ಮುರಿಯುವುದಕ್ಕಿಂತ, ಶುರುವಿನಲ್ಲೇ "ಇಂಥದ್ದನ್ನು ಹೇಳಿದರೆ ನಾನು ಸುಮ್ಮನಿರಲಾಗದು" ಎಂದು ತಿಳಿಸುವುದು ಮರ್ಯಾದೆ. ಮಾಜಿ ದೇವದಾಸಿಯರ ಬದುಕಿನ ಬಗ್ಗೆ ಸಂದರ್ಶನ ಮಾಡುವ ಆಸೆ ಮುಧೋಳ, ಜಮಖಂಡಿ, ಸವದತ್ತಿ ಕಡೆಯ ವಿದ್ಯಾರ್ಥಿಗಳಿಗೆ ಆಗಾಗ ಬರುತ್ತದೆ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಸಮರ್ಪಣೆಯನ್ನು ನಿಷೇಧಿಸಿ 1982ರಲ್ಲೇ ಕಾಯ್ದೆ ಬಂದಿದೆ. ಅವರ ಬಾಗಿಲಿಗೆ ಸಂಶೋಧಕರು ಬಂದುಹೋಗಿದ್ದೂ ಸಾಕಷ್ಟಾಗಿದೆ. ಅದೇ ಗಾಯವನ್ನು ಇನ್ನೊಮ್ಮೆ ಕೆದಕಿ ಪಡೆಯುವ ಪದವಿ ಬೇಡ ಎಂದೇ ನನ್ನ ಸಲಹೆ. ಅವರ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದ ಸಂಸ್ಥೆಯ ಜೊತೆ, ಅನುಭವಿ ಗೈಡ್ ಜೊತೆ ಇದ್ದರೆ ಮಾತು ಬೇರೆ.

ಅವಲೋಕನ

ಯಾಕೋ ಇದನ್ನು ಯಾರೂ ಆರಿಸುವುದಿಲ್ಲ. ಖರ್ಚಿಲ್ಲ, ಉತ್ತರಿಸುವವರ ಸೌಜನ್ಯದ ತೊಡಕಿಲ್ಲ, ಜನ ಹೇಳುವುದಕ್ಕೂ ಮಾಡುವುದಕ್ಕೂ ಇರುವ ಅಂತರ ಇಲ್ಲೇ ಬಯಲಾಗುತ್ತದೆ. ಗ್ರಂಥಾಲಯದ ಓದುವ ಕೋಣೆಯಲ್ಲಿ ಐದೈದು ನಿಮಿಷಕ್ಕೊಮ್ಮೆ ಎಷ್ಟು ಮಂದಿ ಪುಸ್ತಕ ನೋಡುತ್ತಿದ್ದಾರೆ, ಎಷ್ಟು ಮಂದಿ ಮೊಬೈಲ್ ಎಂದು ಎಣಿಸಿದರೆ "ದಿನಕ್ಕೆ ಎಂಟು ತಾಸು ಓದ್ತೀನ್ರಿ" ಎಂಬ ಮಾತಿನ ಅಸಲು ತೂಕ ತಿಳಿಯುತ್ತದೆ. ಎರಡನೇ ಎಣಿಕೆದಾರರೊಬ್ಬರು ಬೇಕು. ಇಬ್ಬರ ಎಣಿಕೆ ಎಷ್ಟು ಹೊಂದುತ್ತದೆ ಎನ್ನುವುದಕ್ಕೆ ಕೋಹೆನ್‌ನ ಕಪ್ಪಾ ಇದೆ.

ನೋಡುತ್ತಿದ್ದಾರೆಂದು ಗೊತ್ತಾದರೆ ಜನ ಬದಲಾಗುತ್ತಾರೆ, ಹಾಗಾಗಿ ಮೊದಲ ಒಂದೆರಡು ದಿನದ ಟಿಪ್ಪಣಿ ಬಿಟ್ಟುಬಿಡುವುದು ಒಳ್ಳೆಯದು. ಹಾಗೆಂದು ಅಡಗಿ ನೋಡಬಾರದು. ಅಮೆರಿಕದ ಸಮಾಜಶಾಸ್ತ್ರಜ್ಞ ಲಾಡ್ ಹಂಫ್ರೀಸ್ ಸಾರ್ವಜನಿಕ ಶೌಚಾಲಯಗಳಲ್ಲಿ ಲೈಂಗಿಕ ಸಂಪರ್ಕಕ್ಕಾಗಿ ಭೇಟಿಯಾಗುವ ಗಂಡಸರನ್ನು ನೋಡಿ, ಅವರ ಕಾರಿನ ನಂಬರ್ ಬರೆದುಕೊಂಡು, ವಿಳಾಸ ಪತ್ತೆಹಚ್ಚಿ, ತಿಂಗಳುಗಳ ನಂತರ ವೇಷ ಬದಲಿಸಿ ಬೇರೆ ಸಮೀಕ್ಷೆಯ ನೆಪದಲ್ಲಿ ಮನೆಗೇ ಹೋದ. 1970ರಲ್ಲಿ ಅದು ಪುಸ್ತಕವಾಯಿತು. ಆ ಕಾಲದಲ್ಲಿ ಗುರುತು ಹೊರಬಿದ್ದಿದ್ದರೆ ಆ ಮಂದಿಯ ಸಂಸಾರ, ನೌಕರಿ ಎರಡೂ ಹೋಗುತ್ತಿದ್ದವು. ಸಂತೆ, ಬಸ್ ನಿಲ್ದಾಣ, ಗೋಳಗುಮ್ಮಟದ ಹುಲ್ಲುಹಾಸಿನಂಥ ಬಯಲು ಜಾಗದಲ್ಲಿ ಮುಖ ಗುರುತಿಸದೆ ಎಣಿಸುವುದು ಸರಿ. ಅಂಗನವಾಡಿ, ತರಗತಿ, ಆಸ್ಪತ್ರೆಯ ವಾರ್ಡ್ ಅಂದರೆ ಅನುಮತಿ ಬೇಕೇ ಬೇಕು. ಫೋಟೊ, ವಿಡಿಯೊ ಎರಡೂ ಬೇಡ.

ಬರೆದದ್ದರ ಪ್ರತಿ ಇಟ್ಟುಕೊಳ್ಳುವ ಬಗ್ಗೆ ಒಂದು ಮಾತು. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ರಾಂಪುರ ಎಂದು ಕರೆದ ಹಳ್ಳಿಯಲ್ಲಿ ಮಾಡಿದ ಕ್ಷೇತ್ರಕಾರ್ಯದ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿ 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಸಿಕ್ಕವು. ಅವರು ನೆನಪಿನಿಂದಲೇ ಪುಸ್ತಕ ಬರೆದರು. ನಮಗೆ ನಿಮಗೆ ಆ ನೆನಪಿನ ಶಕ್ತಿ ಇಲ್ಲ. ಮೂರು ಪ್ರತಿಗಳೂ ಒಂದೇ ಚೀಲದಲ್ಲಿ, ಒಂದೇ ಮೊಬೈಲಿನಲ್ಲಿ ಬೇಡ.

ಪ್ರಯೋಗ

ಕಾರಣ ಯಾವುದು, ಪರಿಣಾಮ ಯಾವುದು ಎಂದು ಗಟ್ಟಿಯಾಗಿ ಹೇಳಬಲ್ಲ ವಿಧಾನ ಇದೊಂದೇ, ವಿದ್ಯಾರ್ಥಿಗಳು ಅತಿ ಹೆಚ್ಚು ಕೆಡಿಸುವುದೂ ಇದನ್ನೇ. ಎ ಸೆಕ್ಷನ್‌ಗೆ ಉಸಿರಾಟದ ಅಭ್ಯಾಸ ಕೊಟ್ಟು ಬಿ ಸೆಕ್ಷನ್ ಹಾಗೇ ಬಿಟ್ಟರೆ ಅದು ಪೂರ್ಣ ಪ್ರಯೋಗವಲ್ಲ, ಅರೆ ಪ್ರಯೋಗ. ಎ ಸೆಕ್ಷನ್‌ಗೆ ಒಳ್ಳೆಯ ಗಣಿತದ ಮೇಷ್ಟ್ರು ಇದ್ದದ್ದರಿಂದಲೇ ಆತಂಕ ಇಳಿದಿರಬಹುದು. ಚೀಟಿ ಎತ್ತಿ ಮಕ್ಕಳನ್ನೇ ಎರಡು ಗುಂಪು ಮಾಡಬೇಕು. ಮಧ್ಯಮ ಪ್ರಮಾಣದ ವ್ಯತ್ಯಾಸ ಹಿಡಿಯಲು ಒಂದೊಂದು ಗುಂಪಿಗೆ 64 ಜನ, ಒಟ್ಟು 128. ನಮ್ಮ ಕಡೆ ರೂಢಿಯಲ್ಲಿರುವ 30-30ರ ಗುಂಪಿನಲ್ಲಿ ದೊಡ್ಡ ಪರಿಣಾಮವಿದ್ದರಷ್ಟೇ ಕಣ್ಣಿಗೆ ಬೀಳುತ್ತದೆ. ಏನೂ ಸಿಗದಿದ್ದಾಗ "ಪರಿಣಾಮವಿಲ್ಲ" ಎಂದು ಬರೆಯುವುದು ಆತುರ. ದೊಡ್ಡ ದೊಡ್ಡ ಪ್ರಯೋಗಾಲಯಗಳದ್ದೂ ಇದೇ ಹಾಡು: ಪ್ರಕಟಿತ 100 ಮನಶ್ಶಾಸ್ತ್ರ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದ ತಂಡವೊಂದು 2015ರಲ್ಲಿ ವರದಿ ಮಾಡಿದಾಗ, ಮರುಪ್ರಯತ್ನಗಳಲ್ಲಿ ಶೇ 36ರಷ್ಟು ಮಾತ್ರ ಸಂಖ್ಯಾಶಾಸ್ತ್ರೀಯವಾಗಿ ಮಹತ್ವದ ಫಲಿತಾಂಶ ಕೊಟ್ಟಿದ್ದವು.

ಉಪಯೋಗವಾಗಬಹುದಾದ್ದನ್ನು ಒಂದು ಗುಂಪಿಗೆ ತಡೆಹಿಡಿಯುವುದು ನ್ಯಾಯವೇ? ಅಧ್ಯಯನ ಮುಗಿದ ಮೇಲೆ ಎರಡನೇ ಗುಂಪಿಗೂ ಅದನ್ನೇ ಕಲಿಸಿಬಿಡಿ, ತಕರಾರು ತೀರುತ್ತದೆ. ಮೋಸದ ಕತೆ ಕಟ್ಟಿ ಮಾಡುವ ಪ್ರಯೋಗ ಮಾತ್ರ ಬೇಡವೇ ಬೇಡ. ಜನ ಅಧಿಕಾರಸ್ಥರ ಮಾತನ್ನು ಎಷ್ಟರಮಟ್ಟಿಗೆ ಪಾಲಿಸುತ್ತಾರೆ ಎಂದು ನೋಡಲು ಮಾಡಿ 1963ರಲ್ಲಿ ಪ್ರಕಟವಾದ ಮಿಲ್‌ಗ್ರಾಮ್ ಪ್ರಯೋಗದಲ್ಲಿ 40 ಗಂಡಸರ ಪೈಕಿ 26 ಮಂದಿ ಎದುರಿನ ಕೋಣೆಯವನಿಗೆ 450 ವೋಲ್ಟ್‌ವರೆಗೂ ಶಾಕ್ ಕೊಡುತ್ತಿದ್ದೇವೆಂದೇ ನಂಬಿ ಗುಂಡಿ ಒತ್ತಿದರು, ಬೆವೆತರು, ನಡುಗಿದರು. ವಿದ್ಯಾರ್ಥಿಗಳನ್ನೇ ಕೈದಿ, ಕಾವಲುಗಾರರ ಪಾತ್ರಕ್ಕೆ ಇಳಿಸಿದ 1971ರ ಸ್ಟ್ಯಾನ್‌ಫರ್ಡ್ ಜೈಲು ಅಧ್ಯಯನ ಎರಡು ವಾರಕ್ಕೆಂದು ಶುರುವಾಗಿ ಆರೇ ದಿನಕ್ಕೆ ನಿಂತಿತು. ಇವನ್ನು ಪರೀಕ್ಷೆಗೆ ಬಾಯಿಪಾಠ ಮಾಡುವ ನಾವು, ಹಾಸ್ಟೆಲ್ ಹುಡುಗರಿಗೆ "ನಿನ್ನ ಐಕ್ಯು ಕಡಿಮೆ ಬಂದಿದೆ" ಎಂದು ಸುಳ್ಳು ಹೇಳಿ ಪ್ರತಿಕ್ರಿಯೆ ನೋಡುವ ಸಿನಾಪ್ಸಿಸ್ ಬರೆಯುವಾಗ ಅವನ್ನು ಮರೆಯುತ್ತೇವೆ.

ಈಗಾಗಲೇ ಇರುವ ಅಂಕಿಅಂಶ

ಮನೆಬಿಟ್ಟು ಹೋಗಲಾಗದವರಿಗೆ ಇದು ದೊಡ್ಡ ಆಸರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ ಎನ್‌ಎಫ್‌ಎಚ್‌ಎಸ್-5ರ (2019–21) ಜಿಲ್ಲಾವಾರು ಮಾಹಿತಿ ಪತ್ರಗಳು ಉಚಿತ. ಬಾಲ್ಯವಿವಾಹ, ರಕ್ತಹೀನತೆ, ಮಹಿಳೆಯರ ಶಿಕ್ಷಣ ಎಲ್ಲವನ್ನೂ ಮೂರೂ ಜಿಲ್ಲೆಗಳ ನಡುವೆ ಹೋಲಿಸಬಹುದು. 2011ರ ಜನಗಣತಿ ಹಳ್ಳಿಮಟ್ಟದವರೆಗೂ ಸಿಗುತ್ತದೆ, ಹಳತಾಗಿದೆ ಎಂಬುದೇ ದೋಷ. ಜಿಲ್ಲೆಯ ಸರಾಸರಿಯಿಂದ ಒಬ್ಬ ವ್ಯಕ್ತಿಯ ಬಗ್ಗೆ ತೀರ್ಮಾನ ಎಳೆಯದಿದ್ದರೆ ಸಾಕು. ಪರೀಕ್ಷಾ ಆತಂಕದಂಥ ಮನಸ್ಸಿನ ವಿಷಯ ಇವುಗಳಲ್ಲಿ ಹುಡುಕಿದರೂ ಇಲ್ಲ.

ಹಾಗಾದರೆ ಯಾವುದು?

ಪಿಯು ಮಕ್ಕಳೇ ಬೇಕೆನ್ನುವವರು ಮೊದಲು ವಯಸ್ಸು ನೋಡಿ. 18 ತುಂಬದವರಿಗೆ ಪಾಲಕರ ಸಮ್ಮತಿ, ಜೊತೆಗೆ ಮಕ್ಕಳ ಸ್ವಂತ ಒಪ್ಪಿಗೆ ಎರಡೂ ಬೇಕು; ಪ್ರಾಂಶುಪಾಲರ ಅನುಮತಿ ಇವೆರಡಕ್ಕೂ ಬದಲಿಯಾಗದು. ಊರೂರು ಅಲೆದು ಪಾಲಕರ ಸಹಿ ತರುವ ತಾಳ್ಮೆಯಿಲ್ಲದಿದ್ದರೆ ಡಿಗ್ರಿ ವಿದ್ಯಾರ್ಥಿಗಳನ್ನು ಆರಿಸಿ. ಪಾಲಕರನ್ನು ಹೇಗೂ ಕಾಣಬೇಕಾದ ಸಂದರ್ಶನಕ್ಕೆ ಇದು ಹೊರೆಯೆನಿಸದು, ಇನ್ನೂರು ಜನರ ಪ್ರಶ್ನಾವಳಿಗೆ ಬೆಟ್ಟದಷ್ಟು ಕೆಲಸ.

ಅಂಕಿಅಂಶ ವಿಶ್ಲೇಷಿಸುವ ಎಸ್‌ಪಿಎಸ್‌ಎಸ್ ತಂತ್ರಾಂಶ ಬರುವುದೆಂಬ ಒಂದೇ ಕಾರಣಕ್ಕೆ ಪ್ರಶ್ನಾವಳಿ ಹಿಡಿಯಬೇಡಿ. ಜಮೋವಿ ಎಂಬ ಉಚಿತ ತಂತ್ರಾಂಶದಲ್ಲಿ ಅಂಥ ಲೆಕ್ಕಾಚಾರವನ್ನು ಒಂದು ವಾರದಲ್ಲಿ ಕಲಿಯಬಹುದು. ಅಂಕಿಗಳೆಂದರೆ ಹೆದರಿಕೆ ಎಂಬ ಕಾರಣಕ್ಕೆ ಸಂದರ್ಶನಕ್ಕೂ ಓಡಬೇಡಿ, ನೂರಿನ್ನೂರು ಪುಟಗಳ ಮಾತನ್ನು ಸಾಲುಸಾಲಾಗಿ ಗುರುತಿಸಿ ಎಳೆ ಕಟ್ಟುವುದು ಕೋಷ್ಟಕಕ್ಕಿಂತ ಬಹಳ ಕಠಿಣ. ಎರಡನ್ನೂ ಕೂಡಿಸಿ ಮಾಡುತ್ತೇನೆ ಎನ್ನುವವರು ಪಿಎಚ್‌ಡಿವರೆಗೆ ಕಾಯಲಿ.

ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯ (ನೀತಿ ಸಮಿತಿಯ) ವಿಷಯ. ವೈದ್ಯಕೀಯ ಕಾಲೇಜುಗಳಲ್ಲಿ ಇದು ನಿತ್ಯದ ವ್ಯವಹಾರ, ಕಲಾ ವಿಭಾಗದವರು ತಮ್ಮ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿಕೊಳ್ಳಬೇಕು. ಐಸಿಎಂಆರ್ ಪ್ರಕಾರ 7ರಿಂದ 15 ಸದಸ್ಯರಿರುವ ಈ ಸಮಿತಿಯ ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು. ಹಾನಿಯ ಸಾಧ್ಯತೆ ತೀರಾ ಕಡಿಮೆಯಿರುವ ಅಧ್ಯಯನಕ್ಕೆ ಪೂರ್ಣ ಸಭೆಯಿಲ್ಲದೆ ಬೇಗ ಒಪ್ಪಿಗೆ ಸಿಗುವ ದಾರಿಯೂ ಇದೆ, ಆದರೆ ಮಾಹಿತಿ ಸಂಗ್ರಹಿಸಿದ ಮೇಲೆ ಹಿಂದಿನ ತಾರೀಖಿಗೆ ಒಪ್ಪಿಗೆ ಸಿಗುವುದಿಲ್ಲ. ಅರ್ಜಿಗೆ ಒಂದೂವರೆ ತಿಂಗಳಾದರೂ ಇಟ್ಟುಕೊಳ್ಳಿ.

ಉಳಿದ ತಿಂಗಳುಗಳನ್ನು ಊರಿನ ಕ್ಯಾಲೆಂಡರ್ ನೋಡಿ ಹಂಚಿ. ಫೆಬ್ರುವರಿ, ಮಾರ್ಚ್‌ನಲ್ಲಿ ಯಾವ ಪಿಯು ಕಾಲೇಜೂ ನಿಮ್ಮನ್ನು ಒಳಗೆ ಬಿಡುವುದಿಲ್ಲ, ಬಿಟ್ಟರೂ ಆತಂಕದ ಅಳತೆ ವರ್ಷದ ಬೇರೆ ಯಾವ ತಿಂಗಳಿಗೂ ಹೋಲುವುದಿಲ್ಲ. ದ್ರಾಕ್ಷಿ ಕಟಾವಿನ ಹೊತ್ತಿಗೆ ತಿಕೋಟಾ ಕಡೆ ಮನೆಗಳಲ್ಲಿ ಹಗಲು ಯಾರೂ ಸಿಗರು. ಕಬ್ಬಿನ ಹಂಗಾಮಿನಲ್ಲಿ ಗ್ಯಾಂಗಿನವರನ್ನು ಮಾತಾಡಿಸಬೇಕಾದರೆ ಅವರ ಊರಿಗೆ ಹೋಗಿ ಫಲವಿಲ್ಲ, ಕಾರ್ಖಾನೆ ಹತ್ತಿರದ ಜೋಪಡಿಗಳಿಗೆ ರಾತ್ರಿ ಊಟದ ನಂತರ ಹೋಗಬೇಕು, ಅದೂ ಗ್ಯಾಂಗಿನ ಮೇಸ್ತ್ರಿಯಾದ ಮುಕಾದಮನನ್ನು ಜೊತೆಗೆ ಕರೆದುಕೊಳ್ಳದೆ.